ಡಾಂಗಲ್, ಮಲ್ಟಿಮೀಟರ್, ಟೆಸ್ಟ್ ಲ್ಯಾಂಪ್: ತುಂಡಾದ ವೈರು ಹುಡುಕಿಕೊಟ್ಟದ್ದು ಯಾವುದು?

ಮಳೆಗೆ ಹತ್ತು ದಿನ ಶೆಡ್ಡಿನಲ್ಲೇ ನಿಂತಿದ್ದ ನನ್ನ ಹಳೇ ಪೆಟ್ರೋಲ್ ಕಾರನ್ನು ಸ್ಟಾರ್ಟ್ ಮಾಡಿದರೆ ಚೆಕ್ ಎಂಜಿನ್ ಲೈಟ್ ಆರಲೇ ಇಲ್ಲ. ಎಂಜಿನ್ ಇನ್ನೂ ತಣ್ಣಗಿದೆ, ರೇಡಿಯೇಟರ್ ಫ್ಯಾನ್ ಮಾತ್ರ ಭರ್ರೋ ಅಂತ ತಿರುಗುತ್ತಿದೆ.

ಮೊದಲು ಬ್ಲೂಟೂತ್ ಡಾಂಗಲ್, ಅಂದರೆ ಕಾರಿನ ಕಂಪ್ಯೂಟರ್ (ಇಸಿಯು) ಬರೆದಿಟ್ಟ ದೋಷದ ಕೋಡ್ ಓದುವ ಪುಟ್ಟ ಸಾಧನ. ಸ್ಟಿಯರಿಂಗ್ ಕೆಳಗಿನ 16 ಪಿನ್ನಿನ ಪೋರ್ಟಿಗೆ ಸಿಕ್ಕಿಸಿ ಮೊಬೈಲಿನಲ್ಲಿ ನೋಡಿದರೆ ಪಿ0118: ಕೂಲಂಟ್ ಟೆಂಪರೇಚರ್ ಸೆನ್ಸರ್ ಸರ್ಕ್ಯೂಟ್ ಹೈ. ಎಂಜಿನ್ ತಂಪಾಗಿಸುವ ದ್ರವದ ಬಿಸಿ ಅಳೆಯುವ ಸೆನ್ಸರ್ ಇದು. ಹೊಸ ಸೆನ್ಸರ್ ತರೋಣ ಅಂತ ಚಪ್ಪಲಿ ಮೆಟ್ಟಿಯೂ ಆಗಿತ್ತು. ಆದರೆ ಕೋಡ್ ದೂರುವುದು ಇಡೀ ಸರ್ಕ್ಯೂಟನ್ನು. ಕೆಟ್ಟಿರುವುದು ಸೆನ್ಸರೋ, ಅದಕ್ಕೆ ವೈರು ಸಿಕ್ಕಿಸುವ ಕಪ್ಲರೋ, ವೈರೋ ಅಂತ ಅದು ಹೇಳುವುದಿಲ್ಲ. ಡಾಂಗಲ್ ಕೆಲಸಕ್ಕೆ ಬಂದದ್ದು ಲೈವ್ ಡೇಟಾದಲ್ಲಿ. ಮೈನಸ್ 40 ಡಿಗ್ರಿ, ಅದೂ ಶಿವಮೊಗ್ಗದಲ್ಲಿ! ಎಲ್ಲೋ ಲೈನ್ ಕಟ್ ಆಗಿದೆ ಅಂತಲೇ ಅರ್ಥ. ಎಂಜಿನ್ನಿನ ನಿಜವಾದ ಬಿಸಿ ಗೊತ್ತಾಗದೆ ಇಸಿಯು ಮುನ್ನೆಚ್ಚರಿಕೆಗೆ ಫ್ಯಾನ್ ತಿರುಗಿಸುತ್ತಿತ್ತು. ಕಪ್ಲರ್ ಬಿಚ್ಚಿ ಅದರ ಎರಡೂ ಪಿನ್ನುಗಳನ್ನು ತುಂಡು ವೈರಿನಲ್ಲಿ ಸೇರಿಸಿದೆ. ವೈರಿಂಗ್ ನೆಟ್ಟಗಿದ್ದಿದ್ದರೆ ರೀಡಿಂಗ್ ನೂರು ದಾಟಿ ಮೇಲಕ್ಕೆ ಹಾರಬೇಕಿತ್ತು. ಮೈನಸ್ 40ರಲ್ಲೇ ಕೂತಿತ್ತು. ಇಲ್ಲಿಗೆ ಡಾಂಗಲ್ಲಿನ ಆಟ ಮುಗಿಯಿತು.

ಆಮೇಲೆ ಮಲ್ಟಿಮೀಟರ್. ಸೆನ್ಸರಿನ ರೆಸಿಸ್ಟೆನ್ಸ್ ತಣ್ಣಗಿದ್ದಾಗ 2.3 ಕಿಲೋ ಓಮ್. ಕಳಚಿ ಬಿಸಿನೀರಲ್ಲಿ ಅದ್ದಿದರೆ ಸರಸರನೆ 300 ಓಮ್ ಆಸುಪಾಸಿಗೆ ಇಳಿಯಿತು. ಸೆನ್ಸರ್ ನಿರಪರಾಧಿ. ಕೀ ಆನ್ ಮಾಡಿ ಕಪ್ಲರಿನ ಸಿಗ್ನಲ್ ಪಿನ್ನಿಗೂ ಬ್ಯಾಟರಿ ನೆಗೆಟಿವ್‌ಗೂ ಮುಟ್ಟಿಸಿದರೆ 4.9 ವೋಲ್ಟ್. ಕಪ್ಲರಿನ ಎರಡು ಪಿನ್ನುಗಳ ನಡುವೆ ಸೊನ್ನೆ. ಅಂದರೆ ಸಿಗ್ನಲ್ ವೈರು ನೆಟ್ಟಗಿದೆ, ಹೋಗಿರುವುದು ಸೆನ್ಸರಿನ ಅರ್ಥ್ ವೈರು. ಟೇಪ್ ಬಿಚ್ಚುತ್ತ ಹೋದೆ. ಬ್ಯಾಟರಿ ಟ್ರೇ ಪಕ್ಕದಲ್ಲಿ ಇಲಿ ಹಿಕ್ಕೆ, ಅದರ ಮೇಲೆ ಕಡಿದ ವೈರಿನ ಎರಡು ತುದಿ, ತಾಮ್ರ ಹಸಿರುಗಟ್ಟಿತ್ತು.

ವೈರಿಗೆ ಮುಟ್ಟಿಸಿ ಕರೆಂಟ್ ಇದೆಯೋ ಅಂತ ನೋಡುವ ಬಲ್ಬ್, ಅಂದರೆ ಟೆಸ್ಟ್ ಲ್ಯಾಂಪ್, ಇಲ್ಲಿ ಹೊರತೆಗೆಯಲೇ ಇಲ್ಲ. 5 ವೋಲ್ಟಿನ ಸೆನ್ಸರ್ ಲೈನಿಗೆ ಬಲ್ಬ್ ಮುಟ್ಟಿಸಿದರೆ ಅದೆಳೆಯುವ ಕರೆಂಟಿಗೆ ಇಸಿಯು ಸುಡಬಹುದು. ಆದರೆ 12 ವೋಲ್ಟಿನ ಲೈನಿಗೆ ನನ್ನ ವೋಟು ಅದಕ್ಕೇ. ಹೋದ ವರ್ಷ ಹೆಡ್‌ಲೈಟ್ ಉರಿಯದಿದ್ದಾಗ ಮೀಟರ್ ಪೂರ್ತಿ 12 ವೋಲ್ಟ್ ತೋರಿಸಿ ನನ್ನನ್ನು ಒಂದು ಮಧ್ಯಾಹ್ನವಿಡೀ ಕುಣಿಸಿತ್ತು. ಬಲ್ಬ್ ಹಚ್ಚಿದರೆ ಮಿಣುಕೂ ಇಲ್ಲ. ವೈರಿನಲ್ಲಿ ಒಂದೇ ಎಳೆ ಉಳಿದಿತ್ತು. ಮೀಟರಿಗೆ ಅಷ್ಟು ಸಾಕು, ಬಲ್ಬಿಗೆ ಸಾಲದು.

ವೈರಿಗೆ ಬೆಸುಗೆ ಹಾಕಿ ಸ್ಲೀವ್ ಏರಿಸಿದೆ. ಕೋಡ್ ಅಳಿಸಲು ಮತ್ತೆ ಡಾಂಗಲ್ಲೇ ಬೇಕಾಯಿತು. ರೀಡಿಂಗ್ 26 ಡಿಗ್ರಿ, ಫ್ಯಾನ್ ತೆಪ್ಪಗಾಯಿತು.