ಕ್ಯಾನಾರಿಯಾಸ್ ಯೆರ್ಬಾ ಮಾಟೆ: ಎಲೆಗಿಂತ ಫ್ಲಾಸ್ಕಿಗೆ ಜಾಸ್ತಿ ದುಡ್ಡು ಹಾಕಿ

ಯೆರ್ಬಾ ಮಾಟೆ ಅಂದರೆ ದಕ್ಷಿಣ ಅಮೆರಿಕದ ಒಂದು ಮರದ ಒಣ ಎಲೆ, ಬಿಸಿನೀರು ಹಾಕಿ ಕೊಳವೆಯಲ್ಲಿ ಹೀರುವುದು. ಕ್ಯಾನಾರಿಯಾಸ್ ಅದರ ಒಂದು ಬ್ರ್ಯಾಂಡ್. ಫಿಲ್ಟರ್ ಕಾಫಿ ಬಿಟ್ಟು ಇದಕ್ಕೆ ಬರೋಣ ಅಂದುಕೊಂಡಿದ್ದರೆ ಮೊದಲೇ ಹೇಳಿಬಿಡುತ್ತೇನೆ, ಇದು ಕಾಫಿ ಜಾಗಕ್ಕೆ ಬರುವ ವಸ್ತು ಅಲ್ಲ. ಕಾಫಿ ಕುಡಿದರೆ ಐದು ನಿಮಿಷಕ್ಕೆ ಲೋಟ ತೊಳೆಯಲು ಹೋಗುತ್ತದೆ. ಮಾಟೆ ಬೆಳಿಗ್ಗೆ ಶುರು ಮಾಡಿದರೆ ಊಟದ ಹೊತ್ತಿನವರೆಗೂ ಪಕ್ಕದಲ್ಲೇ ಇರುತ್ತದೆ. ಕೆಲಸದ ಮೇಲೆ ಉರುಗ್ವೆಯ ರಾಜಧಾನಿ ಮೊಂಟೆವಿಡಿಯೊಗೆ ಬಂದು ಇಲ್ಲೇ ಉಳಿದವನು ನಾನು. ಅಂದಿನಿಂದ ಮನೆಗೆ ತರುತ್ತಿರುವುದು ಇದೇ ಕ್ಯಾನಾರಿಯಾಸ್, ಒಂದು ಕಿಲೋ ಪ್ಯಾಕೆಟ್.

ತಲಾ ಲೆಕ್ಕ ಹಾಕಿದರೆ ಮಾಟೆ ಕುಡಿಯುವುದರಲ್ಲಿ ಉರುಗ್ವೆಯವರೇ ಮುಂದು. ತಮಾಷೆ ಅಂದ್ರೆ ಎಲೆ ಮಾತ್ರ ಹೆಚ್ಚಾಗಿ ಬ್ರೆಜಿಲ್‌ನಿಂದ ಬರಬೇಕು. ಕ್ಯಾನಾರಿಯಾಸ್ ಕೂಡ ಅಲ್ಲಿಂದಲೇ ಬರುವುದು. ಅರ್ಜೆಂಟೀನಾದ ಪ್ಯಾಕೆಟ್‌ಗಳಲ್ಲಿ ಎಲೆಯ ಜೊತೆ ಕಡ್ಡಿ ಚೂರುಗಳೂ ಇರುತ್ತವೆ, ರುಚಿ ಸ್ವಲ್ಪ ಮೆತ್ತಗೆ. ಇದರಲ್ಲಿ ಕಡ್ಡಿ ಇಲ್ಲ. ಸಣ್ಣಗೆ ಪುಡಿ ಮಾಡಿದ ಎಲೆ, ಕೈಗೆ ಹಸಿರು ಧೂಳು ಅಂಟುತ್ತದೆ. ಕಹಿ ಜೋರು, ಹಿಂದೆಯೇ ಒಗರು, ಕೊನೆಗೊಂದು ತೆಳು ಹೊಗೆವಾಸನೆ. ಕೊಯ್ದ ಎಲೆಯನ್ನು ಮೊದಲು ಉರಿಯಲ್ಲಿ ಬಾಡಿಸುತ್ತಾರಲ್ಲ, ಆ ವಾಸನೆ ಅದರದ್ದು. ಮೊದಲ ವಾರ ನನಗೆ ಬೇವಿನ ಕಷಾಯ ಕುಡಿದ ಹಾಗಿತ್ತು. ಈಗ ಕಡ್ಡಿ ಇರುವ ಮಾಟೆ ಕೊಟ್ಟರೆ ಸಪ್ಪೆ ಅನ್ನಿಸುತ್ತದೆ.

ಕುಡಿಯುವ ಪಾತ್ರೆ ಅಂದರೆ ನಮ್ಮ ಸೋರೆಬುರುಡೆಯೇ. ನಾವು ಸಾಂಬಾರಿಗೆ ಹಾಕುವ ಸೋರೆಕಾಯಿಯ ಜಾತಿ, ತಳಿ ಬೇರೆ. ಹೊಸ ಬುರುಡೆಯನ್ನು ತಂದ ದಿನವೇ ಬಳಸುವಂತಿಲ್ಲ. ಕುಡಿದು ಬಿಟ್ಟ ಎಲೆ ತುಂಬಿ, ಬಿಸಿನೀರು ಹಾಕಿ ಒಂದು ದಿನ ಇಡಬೇಕು. ಆಮೇಲೆ ಒಳಗಿನ ಮೆದು ತಿರುಳನ್ನು ಚಮಚದಲ್ಲಿ ಕೆರೆದು ತೆಗೆದು ಒಣಗಿಸಬೇಕು. ದಿನಾ ಕುಡಿದ ಮೇಲೂ ಎಲೆ ಕೊಡವಿ, ತೊಳೆದು, ಗಾಳಿಗೆ ವಾರೆಯಾಗಿ ಮಲಗಿಸಬೇಕು. ಇಲ್ಲದಿದ್ದರೆ ಬೂಷ್ಟು ಗ್ಯಾರಂಟಿ. ಈ ಉಸಾಬರಿ ಬೇಡ ಅನ್ನುವವರು ಗಾಜಿನದ್ದೋ ಸ್ಟೀಲಿನದ್ದೋ ತೆಗೆದುಕೊಳ್ಳಿ. ರುಚಿಯಲ್ಲಿ ಅಂಥ ವ್ಯತ್ಯಾಸ ನನಗಂತೂ ಕಂಡಿಲ್ಲ.

ಹೀರುವ ಲೋಹದ ಕೊಳವೆಗೆ ಬೊಂಬಿಯಾ ಅನ್ನುತ್ತಾರೆ. ಕೆಳತುದಿಯಲ್ಲಿ ಜರಡಿ ಇರುತ್ತದೆ. ಪ್ರವಾಸಿಗರ ಅಂಗಡಿಯೊಂದರಲ್ಲಿ ಕೊಂಡ ಚೆಂದದ ಬೊಂಬಿಯಾ ಕೆಲವೇ ತಿಂಗಳಲ್ಲಿ ಲೇಪ ಕಿತ್ತುಕೊಂಡು ಬಂತು. ಪ್ರತಿ ಗುಟುಕಿಗೂ ಬಾಯಿಗೆ ಪುಡಿ ಬೇರೆ. ಜರಡಿ ಬಿಚ್ಚಿ ತೊಳೆಯಲು ಬರುವ ಸಾದಾ ಸ್ಟೇನ್‌ಲೆಸ್ ಸ್ಟೀಲ್ ಸಾಕು. ಈ ಎಲೆ ನುಣ್ಣಗಿರುವುದರಿಂದ ಜರಡಿಯ ತೂತು ಸಣ್ಣದಿರಲಿ.

ಇನ್ನು ಮಾಡುವ ಕ್ರಮ. ಬುರುಡೆಯ ಮುಕ್ಕಾಲು ಭಾಗ ಎಲೆ ಹಾಕಿ. ಅಂಗೈಯಿಂದ ಬಾಯಿ ಮುಚ್ಚಿ, ತಲೆಕೆಳಗೆ ಮಾಡಿ ಅಲ್ಲಾಡಿಸಿ. ಧೂಳೆಲ್ಲ ಅಂಗೈ ಕಡೆ ಬರುತ್ತದೆ. ವಾರೆಯಾಗಿ ನಿಧಾನಕ್ಕೆ ತಿರುಗಿಸಿದರೆ ಎಲೆ ಒಂದು ಬದಿಗೆ ದಿಬ್ಬವಾಗಿ ನಿಲ್ಲುತ್ತದೆ, ಇನ್ನೊಂದು ಬದಿ ಗುಳಿ. ಗುಳಿಗೆ ಉಗುರುಬೆಚ್ಚಗಿನ ನೀರು ಹಾಕಿ, ಎಲೆ ಹೀರಿಕೊಂಡು ಉಬ್ಬುವವರೆಗೆ ಬಿಡಿ. ಬೊಂಬಿಯಾದ ಮೇಲ್ತುದಿಯನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದು ಗುಳಿಗೆ ಇಳಿಸಿ. ಆಮೇಲೆ ಬಿಸಿನೀರನ್ನು ಅದೇ ಗುಳಿಗೆ, ಸ್ವಲ್ಪ ಸ್ವಲ್ಪ. ಬೊಂಬಿಯಾ ಹಿಡಿದು ಕಲಕಬೇಡಿ, ಜರಡಿ ಕಟ್ಟಿಕೊಳ್ಳುತ್ತದೆ. ದಿಬ್ಬದ ಮೇಲ್ಭಾಗ ಒಣಗಿಯೇ ಇದ್ದರೆ ರುಚಿ ತುಂಬಾ ಹೊತ್ತು ಬರುತ್ತದೆ.

ನೀರು ಕುದಿಯಲೇಬಾರದು. 70 ರಿಂದ 80 ಡಿಗ್ರಿ ಒಳಗೆ ಇರಬೇಕು. ಕುದ್ದ ನೀರು ಬಿದ್ದರೆ ಕಹಿ ಒಮ್ಮೆಲೇ ಬಿಟ್ಟು ಐದಾರು ಸಲಕ್ಕೆ ಎಲೆ ನೀರುನೀರಾಗುತ್ತದೆ. ಸರಿಯಾದ ಬಿಸಿಯಲ್ಲಿ ಒಂದು ಲೀಟರ್ ಫ್ಲಾಸ್ಕ್ ಪೂರ್ತಿ ಖಾಲಿಯಾಗುವವರೆಗೆ ಬರುತ್ತದೆ. ಅದಕ್ಕೇ ಫ್ಲಾಸ್ಕಿಗೆ ದುಡ್ಡು ಹಾಕಿ ಅಂದಿದ್ದು. ಇಲ್ಲಿನ ಸಮುದ್ರದಂಥ ನದಿಯ ದಂಡೆಯ ರಾಂಬ್ಲಾ ರಸ್ತೆಯಲ್ಲಿ ಸಂಜೆ ನಿಂತು ನೋಡಿ. ಕಂಕುಳಲ್ಲಿ ಫ್ಲಾಸ್ಕ್, ಅದೇ ಕೈಯಲ್ಲಿ ಬುರುಡೆ, ಇನ್ನೊಂದು ಕೈ ಖಾಲಿ. ನಾಯಿ ಹಿಡಿಯುವುದು, ಮಗು ಎತ್ತುವುದು ಎಲ್ಲ ಆ ಖಾಲಿ ಕೈಯಲ್ಲೇ.

ನಮ್ಮವರಿಗೆ ನಿಜವಾದ ತೊಡಕು ಕಹಿಯದ್ದಲ್ಲ, ಎಂಜಲಿನದ್ದು. ಲೋಟ ಎತ್ತಿ ಕುಡಿದು ಬೆಳೆದವರು ನಾವು. ಇಲ್ಲಿ ಆಫೀಸಿನಲ್ಲಿ ಒಂದೇ ಬುರುಡೆ, ಒಂದೇ ಬೊಂಬಿಯಾ. ನೀರು ಹಾಕಿ ಕೊಡುವವನು ಸೆಬಾದೋರ್. ಮೊದಲ ಕಡುಕಹಿಯ ಸುತ್ತು ಅವನೇ ಕುಡಿಯುತ್ತಾನೆ. ಆಮೇಲೆ ತುಂಬಿ ಒಬ್ಬೊಬ್ಬರಿಗೇ ಕೊಡುತ್ತಾನೆ, ನೀವು ಪೂರ್ತಿ ಹೀರಿ ವಾಪಸ್ ಅವನಿಗೇ ಕೊಡಬೇಕು. ಕೊಳವೆ ಒರೆಸಿದರೆ ಮುಖ ಸಿಂಡರಿಸುತ್ತಾರೆ. ‘ಗ್ರಾಸಿಯಾಸ್’ (ಸ್ಪ್ಯಾನಿಷ್‌ನಲ್ಲಿ ಥ್ಯಾಂಕ್ಸ್) ಅಂದರೆ ನನಗಿನ್ನು ಸಾಕು ಅಂತ ಅರ್ಥ, ಮುಂದಿನ ಸುತ್ತು ನಿಮಗಿಲ್ಲ. ವಿಡಿಯೋ ಕಾಲ್‌ನಲ್ಲಿ ನೋಡಿದ ಅಮ್ಮ, ‘ಅಷ್ಟೂ ಜನರ ಎಂಜಲು ಕುಡೀತೀಯೇನೋ?’ ಅಂತ ಕೇಳಿದ್ದಳು. 2020ರ ಕೊರೊನಾದಲ್ಲಿ ಹಂಚಿಕೊಳ್ಳುವುದು ನಿಂತು ಎಲ್ಲರೂ ತಮ್ಮ ತಮ್ಮ ಬುರುಡೆ ಹಿಡಿದರು. ಅಮ್ಮನಿಗೆ ಆಗ ಸಮಾಧಾನ. ಈಗ ಮತ್ತೆ ಸುತ್ತು ಶುರುವಾಗಿದೆ, ಅಮ್ಮನಿಗೆ ಹೇಳಿಲ್ಲ.

ಪರಿಣಾಮದ ವಿಷಯ. ಇದರಲ್ಲಿರುವುದು ಕೆಫೀನೇ, ಜೊತೆಗೆ ಕೋಕೋದಲ್ಲಿರುವ ಥಿಯೋಬ್ರೋಮಿನ್. ನಿಧಾನಕ್ಕೆ ಹೀರುವುದರಿಂದಲೋ ಏನೋ, ಕಾಫಿಯ ಹಾಗೆ ಒಮ್ಮೆಲೇ ಏರಿ ಇಳಿಯುವುದಿಲ್ಲ. ಹಸಿವು ಕಮ್ಮಿಯಾಗುತ್ತದೆ, ಬಾತ್‌ರೂಮಿಗೆ ಓಡಾಟ ಜಾಸ್ತಿ. ಖಾಲಿ ಹೊಟ್ಟೆಗೆ ನನಗೆ ಉರಿ ಬರುತ್ತದೆ. ಸಂಜೆ ಆರರ ಮೇಲೆ ಕುಡಿದರೆ ನಿದ್ದೆಗೆ ಎಳ್ಳುನೀರು. ತೂಕ ಇಳಿಸುತ್ತದೆ ಅಂತ ಮಾರುವವರನ್ನು ಸುಮ್ನೆ ನಂಬಬೇಡಿ. ಊಟದ ಜೊತೆ ಕುಡಿದರೆ ಚಹಾದಂತೆ ಕಬ್ಬಿಣಾಂಶ ಮೈಗೆ ಹತ್ತುವುದನ್ನು ತಡೆಯುತ್ತದೆ, ರಕ್ತ ಕಮ್ಮಿ ಇರುವವರು ನೋಡಿಕೊಳ್ಳಿ. ಇನ್ನೊಂದು: 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ, 65 ಡಿಗ್ರಿಗಿಂತ ಬಿಸಿಯಾದ ಯಾವುದೇ ಪಾನೀಯ ಅನ್ನನಾಳದ ಕ್ಯಾನ್ಸರ್‌ಗೆ ಕಾರಣವಾಗುವ ಸಂಭವವಿದೆ ಎಂದಿತು. ಅಷ್ಟು ಬಿಸಿಯಿಲ್ಲದ ಮಾಟೆಯನ್ನು ಆ ಪಟ್ಟಿಗೆ ಸೇರಿಸಲಿಲ್ಲ. ನಾನು ನೀರನ್ನು 70ಕ್ಕೇ ಇಟ್ಟು, ಹಾಕಿದ ಮೇಲೆ ಅರೆಗಳಿಗೆ ಬಿಟ್ಟು ಹೀರುತ್ತೇನೆ.

ಬಿಸಿಯ ತಲೆನೋವೇ ಬೇಡ ಅನ್ನುವವರಿಗೆ ಪರಾಗ್ವೆಯವರ ತೆರೆರೆ ಇದೆ. ಐಸ್ ನೀರಲ್ಲಿ, ಜಜ್ಜಿದ ಸೊಪ್ಪು ಬೇರುಗಳ ಜೊತೆ ಕುಡಿಯುತ್ತಾರೆ. 2020ರಲ್ಲಿ ಯುನೆಸ್ಕೊ ಪರಂಪರೆಯ ಪಟ್ಟಿಗೂ ಸೇರಿತು. ಪುದೀನ, ನಿಂಬೆ ಹಾಕಿದರೂ ಚೆನ್ನಾಗಿರುತ್ತದೆ. ಆದರೆ ಅದಕ್ಕೆ ಕ್ಯಾನಾರಿಯಾಸ್ ತರಬೇಡಿ, ತಣ್ಣೀರಲ್ಲಿ ಕೆಸರಾಗಿ ಬೊಂಬಿಯಾ ಕಟ್ಟುತ್ತದೆ. ಕಡ್ಡಿ ಇರುವ, ದಪ್ಪ ಎಲೆಯ ಪರಾಗ್ವೆಯ ಪ್ಯಾಕೆಟ್ ತನ್ನಿ.