30,000 ರೂಪಾಯಿಯೊಳಗಿನ ಮೊದಲ ರೋಡ್ ಬೈಕ್: ಬದಿಯಡ್ಕದ ಏರುಗಳಲ್ಲಿ ನಾಲ್ಕು ತಿಂಗಳು

ಬದಿಯಡ್ಕದಿಂದ ಕಾಸರಗೋಡಿಗೆ ಹೋಗಿಬರುವ ದಾರಿಯ ಏರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಆರಿಸಿದ ಈ ರೋಡ್ ಬೈಕಿಗೆ (ಟಾರು ರಸ್ತೆಗೆಂದೇ ಮಾಡಿದ ಹಗುರ ಸೈಕಲ್) ಅಲ್ಯೂಮಿನಿಯಂ ಫ್ರೇಮ್, ಶಿಮಾನೊ ಕಂಪನಿಯ ಆರಂಭಿಕ ದರ್ಜೆಯ ಟೂರ್ನಿ ಗಿಯರುಗಳು ಮತ್ತು 28 ಮಿ.ಮೀ. ಟೈರುಗಳಿವೆ. ಕೊಟ್ಟ ಹಣ ಸಾರ್ಥಕವಾಗಿದೆ.

ಇದರ ನಿಜವಾದ ಗುಣವಿರುವುದು ಗಿಯರುಗಳಲ್ಲಿ. ಮುಂದಿನ ಸಣ್ಣ ಹಲ್ಲುಚಕ್ರಕ್ಕೆ 34, ಹಿಂದಿನ ದೊಡ್ಡದಕ್ಕೆ 28 ಹಲ್ಲುಗಳಿರುವುದರಿಂದ, ಅತಿ ಹಗುರ ಗಿಯರಿನಲ್ಲಿ ಪೆಡಲ್ ಒಂದು ಸುತ್ತು ತಿರುಗಿದಾಗ ಹಿಂದಿನ ಗಾಲಿ ಸುಮಾರು 1.2 ಸುತ್ತು ಮಾತ್ರ ತಿರುಗುತ್ತದೆ. ಮುರಕಲ್ಲಿನ ಗುಡ್ಡಗಳನ್ನು ಬಳಸಿ ಏರುವ ನಮ್ಮ ರಸ್ತೆಗಳಲ್ಲಿ ಹೊಸಬರ ಮೊಣಕಾಲನ್ನು ಕಾಯುವುದು ಈ ಅನುಪಾತವೇ. ಏಳು ಗಿಯರಿನ ಟೂರ್ನಿಗಿಂತ ಅದೇ ಕಂಪನಿಯ ಎಂಟು ಗಿಯರಿನ ಕ್ಲಾರಿಸ್ ನಯವಾಗಿ ಬದಲಾಗುತ್ತದೆಯಾದರೂ ಅದಕ್ಕೆ ಬಜೆಟ್ ಹಿಗ್ಗಿಸಬೇಕಾಗುತ್ತದೆ.

ಬ್ರೇಕುಗಳ ವಿಷಯದಲ್ಲಿ ನನಗೆ ಸಮಾಧಾನವಿಲ್ಲ. ಆಟಿಯ ಮಳೆಯಲ್ಲಿ ರಿಮ್ ಬ್ರೇಕುಗಳು (ಗಾಲಿಯ ಲೋಹದ ಅಂಚನ್ನೇ ಒತ್ತಿ ಹಿಡಿಯುವಂಥವು) ತಡವಾಗಿ ಹಿಡಿಯುವುದರಿಂದ, ಇಳಿಜಾರಿಗೆ ಮೊದಲೇ ಲಘುವಾಗಿ ಒತ್ತಿ ರಿಮ್ಮಿನ ನೀರನ್ನು ಒರೆಸಿಕೊಳ್ಳಬೇಕು. ಕಡಲ ಉಪ್ಪುಗಾಳಿಗೆ ಚೈನು ಬೇಗ ತುಕ್ಕು ಹಿಡಿಯುತ್ತದೆ. ಅದಕ್ಕೆ ಚೈನಿನ ಎಣ್ಣೆಯನ್ನೇ ಹಾಕಬೇಕು (ಮನೆಯಲ್ಲಿ ಧಾರಾಳವಾಗಿರುವ ತೆಂಗಿನೆಣ್ಣೆ ಅಂಟಾಗಿ ಧೂಳು ಹಿಡಿಯುತ್ತದೆ).

ಮೊದಲು ಹೋದ ಅಂಗಡಿಯಲ್ಲಿ ಉಳಿದಿದ್ದ ದೊಡ್ಡ ಅಳತೆಯ ಬೈಕನ್ನೇ ಕೊಡಲು ನೋಡಿದ್ದರು. ಅಳತೆ ತಪ್ಪಿದರೆ ಸೀಟು ತಗ್ಗಿಸಿದರೂ ಕೈ ಚಾಚುವ ದೂರ ಸರಿಹೋಗುವುದಿಲ್ಲ. ಓಡಿಸಿ ನೋಡಿದ ನಂತರವೇ ಹಣ ಕೊಡಿ, ಹೆಲ್ಮೆಟ್, ಪಂಪು ಮತ್ತು ಒಂದು ಹೆಚ್ಚುವರಿ ಟ್ಯೂಬಿಗಾಗಿ 3,000 ರೂಪಾಯಿಯಾದರೂ ಬೇರೆ ತೆಗೆದಿಡಿ.