ಒಂಟಿಯಾಗಿ ಹೊರಟ ಗೇ ಪ್ರವಾಸಿಗೆ: ಬಾರ್ಸಿಲೋನಾವೋ, ಮಾಸ್ಪಲೋಮಸ್ಸೋ?

ಸ್ಪೇನ್‌ನಲ್ಲಿ 2005ರಿಂದಲೇ ಸಲಿಂಗ ಮದುವೆಗೆ ಕಾನೂನಿನ ಮಾನ್ಯತೆಯಿದೆ. ಒಬ್ಬರೇ ಹೋಗುವವರಿಗೆ ಅಲ್ಲಿ ಬಾಕಿ ಉಳಿಯುವ ಚಿಂತೆ ಒಂದೇ: ಮಾತಿಗೆ ಯಾರು ಸಿಗುತ್ತಾರೆ?

ಬಾರ್ಸಿಲೋನಾದ ಎಶಾಂಪ್ಲ ಬಡಾವಣೆಯಲ್ಲಿರುವ ಆಕ್ಸೆಲ್ ಹೋಟೆಲ್ 2003ರಲ್ಲಿ ಗೇ ಗ್ರಾಹಕರನ್ನು ಮನಸ್ಸಿನಲ್ಲಿಟ್ಟುಕೊಂಡೇ ಶುರುವಾದದ್ದು, ಉಳಿದವರಿಗೂ ಸ್ವಾಗತವಿದೆ. ತಾರಸಿಯಲ್ಲಿ ಈಜುಕೊಳ, ಬಾರ್. ಹೊರಗೆ ಕಾಲಿಟ್ಟರೆ ಗೇ ಕೆಫೆ, ಕ್ಲಬ್ಬುಗಳ ಬೀದಿಗಳು. ಆದರೆ ಇದು ನಗರದ ಹೋಟೆಲು. ಹಗಲೆಲ್ಲ ಜನ ಊರು ನೋಡಲು ಹೋಗಿಬಿಡುತ್ತಾರೆ, ಸಂಜೆ ನೀವಾಗಿಯೇ ಮಾತು ತೆಗೆಯಬೇಕು.

ಸ್ಪೇನ್‌ಗೇ ಸೇರಿದ ಗ್ರಾನ್ ಕನಾರಿಯಾ ದ್ವೀಪದ ಮಾಸ್ಪಲೋಮಸ್‌ನಲ್ಲಿ ಲೆಕ್ಕವೇ ಬೇರೆ. ಗಂಡಸರಿಗೆ ಮಾತ್ರ ಮೀಸಲಾದ ಪುಟ್ಟ ಬಂಗಲೆಗಳ ರೆಸಾರ್ಟುಗಳು ಅಲ್ಲಿವೆ, ನಡುವೆ ಈಜುಕೊಳ. ವಠಾರದ ಬಾವಿಕಟ್ಟೆಯಂತೆ ಎಲ್ಲರೂ ಅಲ್ಲಿಗೇ ಬರುತ್ತಾರೆ. ಪುಸ್ತಕ ಹಿಡಿದು ಸುಮ್ಮನೆ ಕೂತರೂ ಪಕ್ಕದವರು ತಾವಾಗಿಯೇ ಮಾತಾಡಿಸುತ್ತಾರೆ. ಕೆಲವು ಕಡೆ ಬಟ್ಟೆಯಿಲ್ಲದೆ ಇರಲೂ ಅವಕಾಶವಿದೆ, ಮುಜುಗರವೆನಿಸಿದರೆ ಮೊದಲೇ ವಿಚಾರಿಸಿ. ರಾತ್ರಿಗೆ ಯುಂಬೊ ಸೆಂಟರ್ ಎಂಬ ಮಳಿಗೆ ಸಂಕೀರ್ಣದ ಬಾರುಗಳಿವೆ. ಚಳಿಗಾಲದಲ್ಲೂ ಹವೆ ಬೆಚ್ಚಗಿರುವುದರಿಂದ ಆಗಲೇ ನೂಕುನುಗ್ಗಲು, ಬೇಗ ಕಾದಿರಿಸಿ.

ವಾಸ್ತುಶಿಲ್ಪಿ ಆಂಟೊನಿ ಗೌಡಿಯ ಕಟ್ಟಡಗಳನ್ನು ನೋಡುವ ಆಸೆಯಿದ್ದರೆ ಬಾರ್ಸಿಲೋನಾ. ಸಂಕೋಚದ ಸ್ವಭಾವದವರಿಗೆ, ಗೆಳೆಯರು ಬೇಕೆನ್ನುವವರಿಗೆ ನಾನು ಹೇಳುವುದು ಮಾಸ್ಪಲೋಮಸ್. ಎಲ್ಲಿಗೇ ಹೋದರೂ, ಬುಕ್ ಮಾಡುವ ಮುನ್ನ ಒಬ್ಬರೇ ಬಂದು ತಂಗಿದವರ ಅಭಿಪ್ರಾಯಗಳನ್ನು ಹುಡುಕಿ ಓದಿ.